ಗುಳಿಗೆಯ ಕೆಲಸ, ಊಟದ ಕೆಲಸ

ನಮ್ಮ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯ ಪಕ್ಕ ಒಂದು ನೋಟ್‌ಬುಕ್ ಇರುತ್ತದೆ. ಶಾಲೆ ಮಕ್ಕಳು ಬಳಸುವ ನೂರು ಪುಟದ ನೋಟ್‌ಬುಕ್. ಇದು ಆರನೆಯದು. ಮೊದಲ ಐದು ಟ್ರಂಕಿನಲ್ಲಿವೆ. ಪ್ರತಿ ಪುಟಕ್ಕೂ ಸ್ಕೇಲ್ ಇಟ್ಟು ಗೆರೆ ಎಳೆದಿದ್ದೇನೆ. ಏನು ತಿಂದೆ, ಎಷ್ಟು ಸಲ ಸಂಡಾಸಿಗೆ ಹೋದೆ, ಹೊಟ್ಟೆ ಎಷ್ಟು ನೋಯಿತು, ಗುಳಿಗೆ ತಗೊಂಡೆನಾ ಇಲ್ವಾ. ಹೀಗೆ ನಾಲ್ಕು ಸಾಲು. ಮೊದಲ ಮೂರು ಪುಸ್ತಕಗಳಲ್ಲಿ ಮೂರೇ ಸಾಲು ಇವೆ. ಗುಳಿಗೆಯ ಸಾಲು ಇಲ್ಲ. ಆ ಒಂದು ಸಾಲು ಇಲ್ಲದೆ ನಾನು ಪಟ್ಟ ಕಷ್ಟವನ್ನು ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ.

ನನಗೆ ಕ್ರೋನ್ ಅನ್ನುವ ಕರುಳಿನ ಕಾಯಿಲೆ ಇದೆ. ಶುರುವಾದದ್ದು 2015ರ ಮಳೆಗಾಲದಲ್ಲಿ. ಆಗ ಬೆಟಗೇರಿಯ ಒಂದು ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಎರಡನೇ ಪಿರಿಯಡ್ ಮುಗಿಯುವ ಮೊದಲೇ ಮಕ್ಕಳಿಗೆ ಏನೋ ಬರೆಯಲು ಕೊಟ್ಟು ಓಡಬೇಕಾಗುತ್ತಿತ್ತು. ದಿನಕ್ಕೆ ಏಳೆಂಟು ಸಲ. ಬಲಗಡೆ ಕೆಳಹೊಟ್ಟೆಯಲ್ಲಿ ಬಟ್ಟೆ ಹಿಂಡಿದ ಹಾಗೆ ನೋವು. ಊಟವಾಗಿ ಅರ್ಧ ಗಂಟೆಗೆ ಸರಿಯಾಗಿ ಬರುತ್ತಿತ್ತು. ಸಂಜೆಯಾದರೆ ಸಣ್ಣ ಜ್ವರ. 54 ಕೆಜಿ ಇದ್ದವಳು ಆರು ತಿಂಗಳಲ್ಲಿ 42ಕ್ಕೆ ಇಳಿದೆ. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು.

"ಖಾರ ತಿಂದ್ ತಿಂದ್ ಹೊಟ್ಟಿ ಸುಟ್ಟೈತಿ" ಅಂತ ನೋಡಲು ಬಂದವರೆಲ್ಲ ಹೇಳಿದರು. ನಮ್ಮ ಕಡೆ ಹೊಟ್ಟೆಗೆ ಏನೇ ಆದರೂ ಮೊದಲು ತಪ್ಪು ಬೀಳುವುದು ಕೆಂಪು ಖಾರದ ಮೇಲೆ. ಖಾರದಿಂದ ಕ್ರೋನ್ ಬರುವುದಿಲ್ಲ. ಉರಿ ಎದ್ದಿರುವ ಕರುಳಿಗೆ ಖಾರ ಬಿದ್ದರೆ ತ್ರಾಸ ಜಾಸ್ತಿಯಾಗಬಹುದು, ಅಷ್ಟೇ. ಅದರಲ್ಲೂ ನಮ್ಮ ಸಾರಿನ ಕೆಂಪು ಬಣ್ಣ ನೋಡಿ ಹೆದರುವವರು ಒಂದು ವಿಷಯ ಮರೆಯುತ್ತಾರೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದಿರುವುದೇ ಬಣ್ಣಕ್ಕೆ. ಅದರಲ್ಲಿ ಖಾರ ಕಡಿಮೆ.

ಗದಗಿನಲ್ಲಿ ತೋರಿಸಿದೆವು. ಜಂತುಹುಳದ ಗುಳಿಗೆ ಆಯಿತು, ಅಸಿಡಿಟಿ ಗುಳಿಗೆ ಆಯಿತು. ಕೊನೆಗೆ ಹುಬ್ಬಳ್ಳಿಗೆ ಹೋದೆವು. ಅಲ್ಲಿ ಕೊಲೊನೊಸ್ಕೋಪಿ ಮಾಡಿದರು, ಅಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ನಳಿಕೆ ಹಾಕಿ ಕರುಳನ್ನು ಒಳಗಿನಿಂದ ನೋಡುವ ಪರೀಕ್ಷೆ. ಸಣ್ಣ ಕರುಳು ಮುಗಿದು ದೊಡ್ಡ ಕರುಳು ಶುರುವಾಗುವ ಜಾಗದಲ್ಲಿ ಹುಣ್ಣುಗಳಿದ್ದವು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂತು. ಆದರೆ ಇದು ಟಿಬಿಯೋ ಕ್ರೋನೋ ಅಂತ ಅದರಿಂದ ಗೊತ್ತಾಗಲಿಲ್ಲ.

ನಮ್ಮ ದೇಶದಲ್ಲಿ ಈ ಗೊಂದಲ ತುಂಬಾ ಜನರಿಗೆ ಬರುತ್ತದೆ. ಕರುಳಿನ ಟಿಬಿ ಮತ್ತು ಕ್ರೋನ್ ಎರಡೂ ಅದೇ ಜಾಗ ಹಿಡಿಯುತ್ತವೆ. ಜ್ವರ, ನೋವು, ತೂಕ ಇಳಿಯುವುದು ಎರಡರಲ್ಲೂ ಇದೆ. ಆದರೆ ಔಷಧ ಪೂರ್ತಿ ಬೇರೆ. ಕ್ರೋನ್‌ನಲ್ಲಿ ನಮ್ಮ ದೇಹದ ರಕ್ಷಣಾ ಪಡೆಯೇ ಕರುಳಿನ ಮೇಲೆ ತಿರುಗಿ ಬಿದ್ದಿರುತ್ತದೆ. ಅದನ್ನು ತಗ್ಗಿಸುವ ಔಷಧ ಕೊಡಬೇಕು. ಅದೇ ಔಷಧ ಟಿಬಿ ಇದ್ದವರಿಗೆ ಕೊಟ್ಟರೆ ಟಿಬಿ ಮೈಯೆಲ್ಲ ಹಬ್ಬಬಹುದು. ಹಾಗಾಗಿ ಅನುಮಾನ ಉಳಿದಾಗ ಮೊದಲು ಟಿಬಿ ಔಷಧ ಕೊಟ್ಟು ನೋಡುತ್ತಾರೆ. ನನಗೂ ಕೊಟ್ಟರು. ಅದರಲ್ಲಿರುವ ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಮೊದಲೇ ಹೇಳಿದ್ದರೂ ಮೊದಲ ದಿನ ನೋಡಿ ಅತ್ತುಬಿಟ್ಟಿದ್ದೆ. ಮೂರು ತಿಂಗಳ ನಂತರ ಮತ್ತೆ ಕೊಲೊನೊಸ್ಕೋಪಿ. ಟಿಬಿ ಆಗಿದ್ದರೆ ಅಷ್ಟರಲ್ಲಿ ಹುಣ್ಣು ಮಾಯಬೇಕಿತ್ತು. ಮಾಯ್ದಿರಲಿಲ್ಲ.

ಆ ಮೂರು ತಿಂಗಳು ಸುಮ್ನೆ ಹೋಯಿತು ಅಂತ ಆಗ ಸಿಟ್ಟು ಬಂದಿತ್ತು. ಈಗ ಹಾಗನ್ನಿಸುವುದಿಲ್ಲ. ಯಾರಾದರೂ ಇದೇ ದಾರಿಯಲ್ಲಿ ನಡುವೆ ಇದ್ದರೆ ಅವರಿಗೆ ಹೇಳುತ್ತೇನೆ, ಆ ಎರಡನೇ ಕೊಲೊನೊಸ್ಕೋಪಿ ತಪ್ಪಿಸಬೇಡಿ. ಸ್ವಲ್ಪ ಆರಾಮ ಅನ್ನಿಸಿತು ಅಂತ ಬಿಟ್ಟರೆ ಉತ್ತರ ಸಿಗುವುದೇ ಇಲ್ಲ.

ಡಾಕ್ಟರು ಚೀಟಿಯ ಹಿಂದೆ ಕರುಳಿನ ಚಿತ್ರ ಬರೆದು ತಿಳಿಸಿದರು. ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಇದು ಬರಬಹುದು. ನಡುನಡುವೆ ಒಳ್ಳೆಯ ಭಾಗ ಬಿಟ್ಟು ಬಿಟ್ಟು ಬರುತ್ತದೆ. ಒಳಗಿನ ಪದರ ಒಂದೇ ಅಲ್ಲ, ಕರುಳಿನ ಗೋಡೆಯ ಪೂರ್ತಿ ದಪ್ಪಕ್ಕೂ ಉರಿ ಇಳಿಯುತ್ತದೆ. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಬರ್ರಿಲ್ ಕ್ರೋನ್ ಮತ್ತು ಇನ್ನಿಬ್ಬರು ವೈದ್ಯರು ಸೇರಿ ಇದರ ಬಗ್ಗೆ ಬರೆದರು, ಕ್ರೋನ್ ಅವರ ಹೆಸರೇ ಉಳಿಯಿತು. ಇದನ್ನೆಲ್ಲ ಕೇಳಿಸಿಕೊಂಡ ನಮ್ಮ ಅತ್ತಿ ಒಂದೇ ಪ್ರಶ್ನೆ ಕೇಳಿದರು. "ನಮ್ಮ ಮಾತಿನ್ಯಾಗ ಇದಕ್ಕ ಏನಂತಾರ್ರೀ?" ಡಾಕ್ಟರ ಹತ್ತಿರ ಹೆಸರು ಇರಲಿಲ್ಲ. ಅವತ್ತಿನಿಂದ ನಮ್ಮ ಮನೆಯಲ್ಲಿ ಅದು ಕರುಳ ಬ್ಯಾನಿ. ಓಣಿಯವರು ಕೇಳಿದರೂ ಅದನ್ನೇ ಹೇಳುತ್ತೇವೆ.

ಮೊದಲು ಕೊಟ್ಟದ್ದು ಪ್ರೆಡ್ನಿಸೊಲೊನ್ ಅನ್ನುವ ಸ್ಟೀರಾಯ್ಡ್, ದಿನಕ್ಕೆ 40 ಮಿಲಿಗ್ರಾಂ. ಒಂದೇ ವಾರದಲ್ಲಿ ನೋವು ಇಳಿಯಿತು. ಹಸಿವು ವಾಪಸ್ ಬಂತು. ರಾತ್ರಿ ನಿದ್ದೆ ಮಾತ್ರ ಇಲ್ಲ. ಒಂದು ತಿಂಗಳಿಗೆ ಮುಖ ಗುಂಡಗಾಯಿತು. ಮದುವೆ ಮನೆಯಲ್ಲಿ ಎಲ್ಲರೂ "ಈಗ ಮೈ ತುಂಬ್ಯಾಳ ನೋಡ" ಅಂತ ಖುಷಿಪಟ್ಟರು. ಅದು ಸ್ಟೀರಾಯ್ಡ್‌ನ ಬಾವು ಅಂತ ಹೇಳುವ ಮನಸ್ಸಾಗಲಿಲ್ಲ. ಸ್ಟೀರಾಯ್ಡ್ ಬೆಂಕಿ ಆರಿಸಲು ಚೆನ್ನ, ವರ್ಷಗಟ್ಟಲೆ ಇಟ್ಟುಕೊಳ್ಳಲು ಅಲ್ಲ. ಎಲುಬು ಸವೆಯುತ್ತದೆ, ಸಕ್ಕರೆ ಏರುತ್ತದೆ. ಹಾಗಂತ ಒಮ್ಮೆಲೇ ಬಿಡುವ ಹಾಗೂ ಇಲ್ಲ. ಹೊರಗಿನಿಂದ ಬರುತ್ತಿದೆ ಅಂತ ದೇಹ ತನ್ನದೇ ಸ್ಟೀರಾಯ್ಡ್ ಮಾಡುವುದನ್ನು ನಿಲ್ಲಿಸಿರುತ್ತದೆ. ಅದಕ್ಕೇ ವಾರಕ್ಕೆ 5 ಮಿಲಿಗ್ರಾಂನಂತೆ ಇಳಿಸಿದರು.

ಇಳಿಸುತ್ತಲೇ ಅಜಾಥಯೋಪ್ರಿನ್ ಶುರು ಮಾಡಿದರು. ದೇಹದ ರಕ್ಷಣಾ ಪಡೆಯನ್ನು ತಗ್ಗಿಸುವ ನಿಧಾನದ ಗುಳಿಗೆ ಇದು. ಕೆಲಸ ತೋರಿಸಲು ಎರಡು ಮೂರು ತಿಂಗಳು ಬೇಕು. ಇದಕ್ಕೆ ರಕ್ತ ಪರೀಕ್ಷೆ ತಪ್ಪುವ ಹಾಗಿಲ್ಲ. ಬಿಳಿ ರಕ್ತಕಣ ಇಳಿಯಬಹುದು, ಲಿವರ್‌ಗೆ ಪೆಟ್ಟಾಗಬಹುದು. ನುಡ್ಟ್-15 ಅನ್ನುವ ಜೀನ್‌ನಲ್ಲಿ ಒಂದು ಸಣ್ಣ ಬದಲಾವಣೆ ನಮ್ಮ ಏಷ್ಯಾದ ಕೆಲವರಲ್ಲಿ ಇರುತ್ತದೆ. ಅಂಥವರಿಗೆ ಸಣ್ಣ ಪ್ರಮಾಣದಲ್ಲೂ ಬಿಳಿ ಕಣ ತಟ್ಟನೆ ಬಿದ್ದು ಕೂದಲು ಉದುರುತ್ತದೆ. ನನಗೆ ಹಾಗಾಗಲಿಲ್ಲ. 2017ರ ಹೊತ್ತಿಗೆ 52 ಕೆಜಿ ಆಗಿದ್ದೆ. ದಿನಕ್ಕೆ ಒಂದೋ ಎರಡೋ ಸಲ ಸಂಡಾಸು. ಬಸ್ ಹತ್ತುವ ಧೈರ್ಯ ಬಂದಿತ್ತು.

ಬಸ್ಸಿನ ಮಾತು ಸುಮ್ನೆ ಹೇಳಲಿಲ್ಲ. ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್. ಬಸ್ಸು ಬೇಕಾದಷ್ಟಿವೆ. ಆದರೂ ಕಾಯಿಲೆ ಜೋರಿದ್ದಾಗ ನಾನು ರೈಲಿಗೇ ಕಾಯುತ್ತಿದ್ದೆ. ರೈಲಿನಲ್ಲಿ ಸಂಡಾಸು ಇರುತ್ತದೆ. ಅಣ್ಣಿಗೇರಿ ದಾಟುವವರೆಗೂ ಬಾಗಿಲ ಹತ್ತಿರದ ಸೀಟು ಬಿಟ್ಟು ಏಳುತ್ತಿರಲಿಲ್ಲ. ಹುಬ್ಬಳ್ಳಿ ನಿಲ್ದಾಣದಲ್ಲಿ ಈಗ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ, ಜಗತ್ತಿನಲ್ಲೇ ಉದ್ದದ್ದು. 2023ರಲ್ಲಿ ಅದರ ಉದ್ಘಾಟನೆಯ ಸುದ್ದಿ ಓದುವಾಗ ನನಗೆ ಮೊದಲು ಬಂದ ಯೋಚನೆ, ಇಷ್ಟುದ್ದದಲ್ಲಿ ಸಂಡಾಸು ಎಲ್ಲೆಲ್ಲಿ ಇಟ್ಟಿದ್ದಾರೆ ಅಂತ. ಈ ಕಾಯಿಲೆ ಇರುವವರು ಊರುಗಳನ್ನು ನೆನಪಿಡುವುದು ಹೀಗೇ.

ಈಗ ತಪ್ಪಿನ ಮಾತಿಗೆ ಬರುತ್ತೇನೆ. ಆರಾಮಾಗಿ ಒಂದು ವರ್ಷ ದಾಟಿತ್ತು. ಅತ್ತಿ ಪರಿಚಯದವರ ಕಡೆಯಿಂದ ಒಂದು ಪುಡಿ ತಂದರು. ಅದರ ಜೊತೆ ಒಂದು ಪಥ್ಯದ ಪಟ್ಟಿ. "ಗುಳಗಿ ತಿಂದ್ ತಿಂದ್ ಕರಳು ಹಾಳಾಗ್ತಾವ ಯವ್ವಾ. ಈಗ ಆರಾಮ ಅದೀಯಲ್ಲ, ಇದನ್ನ ತಗೊ" ಅಂದರು. ಅವರು ಪ್ರೀತಿಯಿಂದಲೇ ತಂದದ್ದು. ಗುಳಿಗೆ ನಿಲ್ಲಿಸಿದವಳು ನಾನು. 2018ರ ಮೇ ತಿಂಗಳು. ಡಾಕ್ಟರಿಗೆ ಹೇಳಲಿಲ್ಲ. ಊಟ ಸರಿಯಾಗಿಟ್ಟುಕೊಂಡರೆ ಸಾಕು ಅನ್ನಿಸಿತ್ತು. ಅಷ್ಟು ಶ್ರದ್ಧೆಯಿಂದ ಪಥ್ಯ ಮಾಡುತ್ತಿದ್ದೆ.

ಮೊದಲ ನಾಲ್ಕು ತಿಂಗಳು ಏನೂ ಆಗಲಿಲ್ಲ. ಕ್ರೋನ್ ಮೋಸ ಮಾಡುವುದು ಇಲ್ಲೇ. ಔಷಧ ಬಿಟ್ಟ ಮರುದಿನವೇ ಅದು ಎದ್ದು ಬರುವುದಿಲ್ಲ. ಸೆಪ್ಟೆಂಬರಿನಲ್ಲಿ ಹೊಟ್ಟೆ ಸ್ವಲ್ಪ ನೋಯಿತು. ಅವತ್ತು ಬದನೆಕಾಯಿ ತಿಂದಿದ್ದೆ. ಬದನೆಕಾಯಿ ಬಿಟ್ಟೆ. ಮರುವಾರ ಮತ್ತೆ ನೋವು. ತೊಗರಿಬೇಳೆ ಬಿಟ್ಟೆ. ಆಮೇಲೆ ಶೇಂಗಾ. ಆಮೇಲೆ ಹಾಲು. ಆಮೇಲೆ ರೊಟ್ಟಿ. ನವೆಂಬರಿನ ಪುಟಗಳಲ್ಲಿ ಗಂಜಿ, ಗಂಜಿ, ಗಂಜಿ ಅಂತಲೇ ಇದೆ. ಅದರ ಪಕ್ಕದ ಸಾಲಿನಲ್ಲಿ ನೋವು, ನೋವು, ನೋವು. ಎರಡೂ ಸಾಲು ಕಣ್ಣೆದುರೇ ಇದ್ದರೂ ನನಗೆ ಕಾಣಲಿಲ್ಲ.

2019ರ ಜನವರಿಯಲ್ಲಿ ಎಳ್ಳಮಾವಾಸ್ಯೆ ಬಂತು. ಎರಿ ಹೊಲದಲ್ಲಿ ಬಿಳಿಜೋಳ ತೆನೆ ಹಿಡಿದು ನಿಂತಿತ್ತು, ಕಡಲೆ ಹಸಿರಾಗಿತ್ತು. ಚರಗ ಚೆಲ್ಲಿ ಎಲ್ಲರೂ ಊಟಕ್ಕೆ ಕೂತರು. ಎರಡು ತಿಂಗಳಿಂದ ಗಂಜಿ ಕುಡಿದವಳಿಗೆ ತಡೆಯಲಾಗಲಿಲ್ಲ. ಸಜ್ಜಿ ರೊಟ್ಟಿ ಒಂದು ಚೂರು, ಕಾಳು ಪಲ್ಯ, ಒಂದು ಹಿಡಿ ಹಸಿ ಕಡಲೆ ತಿಂದೆ. ಸಂಜೆಗೆ ಹೊಟ್ಟೆ ಉಬ್ಬಿ ಕಲ್ಲಾಯಿತು. ವಾಂತಿ ನಿಲ್ಲಲಿಲ್ಲ. ಗಾಳಿ ಕೂಡ ಹೊರಗೆ ಹೋಗುತ್ತಿರಲಿಲ್ಲ. ರಾತ್ರಿಯೇ ಹುಬ್ಬಳ್ಳಿಗೆ ಒಯ್ದರು. ಮೂಗಿನಲ್ಲಿ ನಳಿಕೆ, ಕೈಗೆ ಸಲೈನ್, ಆರು ದಿನ ಬಾಯಿಗೆ ಏನೂ ಇಲ್ಲ.

ಸ್ಕ್ಯಾನ್‌ನಲ್ಲಿ ಕರುಳು ಒಂದು ಕಡೆ ತುಂಬಾ ಕಿರಿದಾಗಿತ್ತು. ಸ್ವಲ್ಪ ಬಾವಿನಿಂದ, ಸ್ವಲ್ಪ ಗಾಯ ಮಾಯ್ದು ಗಟ್ಟಿಯಾದ ಕಲೆಯಿಂದ. ಬಾವು ಔಷಧಕ್ಕೆ ಇಳಿಯುತ್ತದೆ. ಕಲೆ ಇಳಿಯುವುದಿಲ್ಲ. ನನ್ನದು ಬಹುಪಾಲು ಬಾವೇ ಆಗಿದ್ದರಿಂದ ಆಪರೇಷನ್ ತಪ್ಪಿತು. ಆಪರೇಷನ್ ಮಾಡಿ ಆ ತುಂಡು ತೆಗೆದರೂ ಕಾಯಿಲೆ ಹೋಗುವುದಿಲ್ಲ, ಬೇರೆ ಕಡೆ ಮತ್ತೆ ಬರಬಹುದು ಅಂತ ಆಗಲೇ ನನಗೆ ಗೊತ್ತಾದದ್ದು.

ಮನೆಗೆ ಬಂದು ಮಲಗಿದ್ದಾಗ ಮಾಡಲು ಬೇರೆ ಕೆಲಸ ಇರಲಿಲ್ಲ. ಹಳೆ ನೋಟ್‌ಬುಕ್‌ಗಳನ್ನು ಒಂದು ಕಡೆ, ಲ್ಯಾಬ್ ವರದಿಗಳನ್ನು ಇನ್ನೊಂದು ಕಡೆ ಹರಡಿಕೊಂಡು ತಾರೀಖು ಹೊಂದಿಸುತ್ತಾ ಹೋದೆ. 2017ರ ಆಗಸ್ಟಿನ ಒಂದು ಪುಟ ಸಿಕ್ಕಿತು. ತಮ್ಮನ ನಿಶ್ಚಯದ ದಿನ. ಎರಡು ಮಿರ್ಚಿ ಭಜಿ, ಬದನೆಕಾಯಿ ಎಣ್ಣೆಗಾಯಿ, ಎರಡು ರೊಟ್ಟಿ ತಿಂದಿದ್ದೆ. ನೋವಿನ ಸಾಲಿನಲ್ಲಿ ಸೊನ್ನೆ. ಆ ತಿಂಗಳು ಮಲದ ಕ್ಯಾಲ್‌ಪ್ರೊಟೆಕ್ಟಿನ್ 90ರ ಹತ್ತಿರ ಇತ್ತು. ಕರುಳಿನಲ್ಲಿ ಉರಿ ಎಷ್ಟಿದೆ ಅಂತ ಕೊಲೊನೊಸ್ಕೋಪಿ ಮಾಡದೆ ಅಂದಾಜು ಸಿಗುವ ಪರೀಕ್ಷೆ ಅದು. ಆಸ್ಪತ್ರೆಗೆ ಸೇರಿದಾಗ ಅದೇ ಸಂಖ್ಯೆ 1100 ದಾಟಿತ್ತು. ಗಂಜಿ ಕುಡಿಯುತ್ತಿದ್ದವಳಿಗೆ 1100. ಎಣ್ಣೆಗಾಯಿ ತಿಂದವಳಿಗೆ 90. ಎರಡು ಪುಟಗಳ ನಡುವೆ ಬೇರೆಯಾಗಿದ್ದದ್ದು ನಾನು ಬರೆಯದೇ ಬಿಟ್ಟ ಆ ನಾಲ್ಕನೇ ಸಾಲು.

ಬದನೆಕಾಯಿ, ತೊಗರಿಬೇಳೆ, ಹೊಲದ ಹಸಿ ಕಡಲೆ, ಇವಕ್ಕೆಲ್ಲ ನಾನು ಸುಮ್ನೆ ತಪ್ಪು ಹೊರಿಸಿದ್ದೆ. ಕಡಲೆ ಸಿಕ್ಕಿಹಾಕಿಕೊಂಡದ್ದು ನಿಜ. ಆದರೆ ದಾರಿ ಕಿರಿದಾಗಲು ಅದು ಕಾರಣ ಅಲ್ಲ. ಹುಣ್ಣು ಮಾಯಿಸುವುದು ಗುಳಿಗೆಯ ಕೆಲಸ. ಮಾಯುವ ತನಕ ಆ ಕರುಳಿಗೆ ಭಾರ ಬೀಳದ ಹಾಗೆ ನೋಡಿಕೊಳ್ಳುವುದು, ಮೈಯಲ್ಲಿ ಶಕ್ತಿ ಉಳಿಸುವುದು ಊಟದ ಕೆಲಸ. ಒಂದರ ಕೆಲಸ ಇನ್ನೊಂದಕ್ಕೆ ಕೊಟ್ಟು ನಾನು ಎರಡನ್ನೂ ಕೆಡಿಸಿದ್ದೆ. ಊಟವೇ ಔಷಧವಾಗುವ ಸಂದರ್ಭ ಇಲ್ಲ ಅಂತಲ್ಲ. ಮಕ್ಕಳಲ್ಲಿ ಬೇರೆಲ್ಲ ಊಟ ನಿಲ್ಲಿಸಿ ಆರರಿಂದ ಎಂಟು ವಾರ ಪೂರ್ತಿ ಪೋಷಕಾಂಶದ ದ್ರವ ಆಹಾರ ಮಾತ್ರ ಕೊಟ್ಟು ಕಾಯಿಲೆ ತಗ್ಗಿಸುತ್ತಾರೆ. ಅದು ಆಸ್ಪತ್ರೆಯವರು ಅಳತೆ ಹಾಕಿ ಕೊಡುವ ಚಿಕಿತ್ಸೆ. ಯಾರೋ ಬರೆದುಕೊಟ್ಟ ಪಟ್ಟಿಯಲ್ಲ.

ಅಲ್ಲಿಂದ ಅಡುಗೆಮನೆ ಬದಲಾಯಿತು. ಆಸ್ಪತ್ರೆಯ ಡಯಟಿಷಿಯನ್ ಹೇಳಿದ್ದನ್ನು ಅತ್ತಿ ನಮ್ಮ ಊಟಕ್ಕೆ ತಿರುಗಿಸಿದರು. ನಾರು, ಸಿಪ್ಪೆ, ಬೀಜ ಕಡಿಮೆ ಮಾಡಬೇಕಿತ್ತು. ಜೋಳದ ಹಿಟ್ಟನ್ನು ಸಣ್ಣ ಜರಡಿಯಲ್ಲಿ ಎರಡು ಸಲ ಹಿಡಿದರು. ಖಡಕ್ ರೊಟ್ಟಿ, ಸಜ್ಜಿ ರೊಟ್ಟಿ ಬಂದ್. ಬಿಸಿ ರೊಟ್ಟಿ ಮಾತ್ರ, ಅದನ್ನೂ ಮುರಿದು ಹೆಸರುಬೇಳೆ ಕಟ್ಟಿನಲ್ಲಿ ನೆನೆಸಿ. ಹೀರೇಕಾಯಿ, ಪಡವಲಕಾಯಿ, ಕುಂಬಳಕಾಯಿ ಸಿಪ್ಪೆ ತೆಗೆದು, ತಿರುಳಿನ ಬೀಜ ಕೆರೆದು, ಮೆತ್ತಗೆ ಬೇಯಿಸಿ. ಪಚಡಿ ಇಲ್ಲ. ಊಟಕ್ಕೆ ಹಸಿ ಉಳ್ಳಾಗಡ್ಡಿ, ಮೆಂತೆ ಸೊಪ್ಪು ಇಲ್ಲ ಅಂದರೆ ನಮ್ಮ ಕಡೆಯವರಿಗೆ ತಾಟು ಖಾಲಿ ಅನ್ನಿಸುತ್ತದೆ. ನನಗೂ ಅನ್ನಿಸಿತು. ಶೇಂಗಾ ಚಟ್ನಿಯನ್ನು ನುಣ್ಣಗೆ ಪುಡಿ ಮಾಡಿ ಮೊಸರಿನಲ್ಲಿ ಕಲಸಿ ಒಂದು ಚಮಚ ಹಾಕಿದ ದಿನ ಆ ಕೊರತೆ ಸ್ವಲ್ಪ ನೀಗಿತು.

ಹಾಲು ನನಗೆ ಆಗುವುದಿಲ್ಲ. ಮೊಸರು, ಮಜ್ಜಿಗೆ ಆಗುತ್ತವೆ. ಸಣ್ಣ ಕರುಳಿಗೆ ಪೆಟ್ಟಾದಾಗ ಹಾಲಿನ ಸಕ್ಕರೆ ಜೀರ್ಣ ಮಾಡುವ ಶಕ್ತಿ ಕಡಿಮೆಯಾಗುತ್ತದೆ. ಹೆಪ್ಪು ಹಾಕಿದಾಗ ಆ ಸಕ್ಕರೆ ಸ್ವಲ್ಪ ಕರಗಿರುತ್ತದೆ. ಧಾರವಾಡದಿಂದ ಯಾರಾದರೂ ಪೇಢೆ ತಂದರೆ ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಮಕ್ಕಳಿಗೆ ಕೊಡುತ್ತೇನೆ. ಇದು ನನ್ನ ಹೊಟ್ಟೆಯ ಲೆಕ್ಕ. ಹಾಲು ಕುಡಿದು ಚೆನ್ನಾಗಿರುವ ಕ್ರೋನ್ ರೋಗಿಗಳೂ ಇದ್ದಾರೆ. ಗೋಧಿ ಬಿಡಬೇಕಾ ಅಂತ ಸುಮಾರು ಜನ ಕೇಳುತ್ತಾರೆ. ಗೋಧಿ ಬಿಡಲೇಬೇಕಾದದ್ದು ಸೀಲಿಯಾಕ್‌ನಲ್ಲಿ. ಅದು ಬೇರೆ ಕಾಯಿಲೆ.

ನಾವು ಮೊಟ್ಟೆ, ಮಾಂಸ ತಿನ್ನುವುದಿಲ್ಲ. ಇದರಿಂದ ಇನ್ನೊಂದು ತೊಂದರೆ ಇತ್ತು. ಬಿ12 ವಿಟಮಿನ್ ಶಾಕಾಹಾರದಲ್ಲಿ ಮೊದಲೇ ಕಡಿಮೆ. ಅದನ್ನು ದೇಹ ಹೀರಿಕೊಳ್ಳುವುದು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ. ನನ್ನ ಹುಣ್ಣು ಇದ್ದದ್ದೂ ಸರಿಯಾಗಿ ಅಲ್ಲೇ. ಕಾಲು ಜುಮ್ಮೆನ್ನುವುದು, ಮೆಟ್ಟಿಲು ಹತ್ತಿದರೆ ಸುಸ್ತು, ಇದೆಲ್ಲ ಕಾಯಿಲೆಯದೇ ಅಂದುಕೊಂಡಿದ್ದೆ. ಬಿ12 ಇಂಜೆಕ್ಷನ್ ಮತ್ತು ಕಬ್ಬಿಣದ ಅಂಶ ಕೊಟ್ಟ ಮೇಲೆ ಅರ್ಧ ಸುಸ್ತು ಹೋಯಿತು. ನಿಮ್ಮ ಡಾಕ್ಟರು ಇದನ್ನು ನೋಡಿಲ್ಲ ಅಂದರೆ ನೀವೇ ಕೇಳಿ.

ಅಜಾಥಯೋಪ್ರಿನ್ ಮತ್ತೆ ಶುರುವಾಯಿತು. ಜೊತೆಗೆ ಅಡಾಲಿಮುಮ್ಯಾಬ್ ಇಂಜೆಕ್ಷನ್, ಇದೂ ಆ ರಕ್ಷಣಾ ಪಡೆಯನ್ನು ತಗ್ಗಿಸುವುದೇ. ಅದನ್ನು ಕೊಡುವ ಮೊದಲು ಎದೆಯ ಎಕ್ಸ್‌ರೇ, ರಕ್ತ ಪರೀಕ್ಷೆ ಮಾಡಿ ಎಲ್ಲಾದರೂ ಟಿಬಿ ಅಡಗಿದೆಯಾ ಅಂತ ನೋಡಿದರು. ಮೊದಲು 160 ಮಿಲಿಗ್ರಾಂ, ಎರಡು ವಾರ ಬಿಟ್ಟು 80, ಆಮೇಲೆ ಎರಡು ವಾರಕ್ಕೊಮ್ಮೆ 40. ಹೊಟ್ಟೆಯ ಚರ್ಮಕ್ಕೆ ನಾನೇ ಚುಚ್ಚಿಕೊಳ್ಳುತ್ತೇನೆ. 2014ರಿಂದ ಇದರ ಭಾರತೀಯ ತಯಾರಿಕೆ ಸಿಗುತ್ತಿದೆ. ಇಲ್ಲದಿದ್ದರೆ ನಮ್ಮಂಥ ಮನೆಗೆ ಇದು ಎಟುಕುತ್ತಿರಲಿಲ್ಲ. ಈಗಲೂ ಸಲೀಸಲ್ಲ. ನಮ್ಮ ಮನೆಯವರು ಓವರ್‌ಟೈಮ್ ಮಾಡುತ್ತಾರೆ, ನಾನು ಸಂಜೆ ಟ್ಯೂಷನ್ ಹೇಳುತ್ತೇನೆ.

ಈ ಇಂಜೆಕ್ಷನ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಹುಬ್ಬಳ್ಳಿಯಿಂದ ತರುವಾಗ ಥರ್ಮೋಕೋಲ್ ಡಬ್ಬಿ, ಒಳಗೆ ಐಸ್ ಪ್ಯಾಕ್. ಐಸಿಗೆ ನೇರ ತಾಗಿ ಹೆಪ್ಪುಗಟ್ಟಿದರೆ ಔಷಧ ಕೆಟ್ಟಂತೆ, ಅದಕ್ಕೆ ನಡುವೆ ಟವೆಲ್ ಇಡಬೇಕು. ಬೇಸಿಗೆಯಲ್ಲಿ ಮಧ್ಯಾಹ್ನದ ರೈಲಿಗೆ ಬರುವುದಿಲ್ಲ. ಕರೆಂಟ್ ಹೋದಾಗ ಫ್ರಿಜ್ಜಿನ ಬಾಗಿಲು ಯಾರೂ ತೆಗೆಯಬಾರದು ಅಂತ ಅತ್ತಿ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಪುಡಿ ತಂದವರೂ ಅವರೇ, ಈಗ ಕಾಯುವವರೂ ಅವರೇ.

ಇನ್ನೊಂದು ವಿಷಯ ಬರೆಯಲೇಬೇಕು. ನಮ್ಮ ಕಡೆ ಮೈಕೈ ನೋವು, ಮೊಣಕಾಲು ನೋವು ಅಂದರೆ ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೊಡುತ್ತಾರೆ. ಈ ಜಾತಿಯ ನೋವಿನ ಗುಳಿಗೆಗಳು ಕ್ರೋನ್ ಕೆರಳಿಸಬಹುದು. ನಾನು ಮುಟ್ಟಿನ ನೋವಿಗೆ ವರ್ಷಗಟ್ಟಲೆ ತಗೊಂಡಿದ್ದೆ. ಈಗ ಬೇಕೆಂದರೆ ಪ್ಯಾರಾಸಿಟಮಾಲ್, ಅದೂ ಅಳತೆಯಲ್ಲಿ. ಬೀಡಿ, ಸಿಗರೇಟು ಸೇದುವವರಿಗೆ ಈ ಕಾಯಿಲೆ ಇನ್ನೂ ಜೋರಾಗುತ್ತದೆ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಶುರು ಮಾಡುವ ಮೊದಲು ಹಾಕಿಸಿಕೊಳ್ಳಬೇಕಾದ ಲಸಿಕೆಗಳಿವೆ, ಶುರುವಾದ ಮೇಲೆ ಹಾಕಿಸಿಕೊಳ್ಳಬಾರದ ಲಸಿಕೆಗಳೂ ಇವೆ. ಅದನ್ನು ಕೇಳಿ ಬರೆದಿಟ್ಟುಕೊಳ್ಳಿ.

ಬೇರೆಯವರ ಮನೆಯ ಊಟವೇ ನನಗೆ ಇವತ್ತಿಗೂ ಕಷ್ಟ. ಬೇಡ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ. "ಒಂದ ರೊಟ್ಟಿ ತಿಂದ್ರ ಏನಾಗತೈತಿ?" ಅನ್ನುವ ಮಾತಿಗೆ ಉತ್ತರ ಹುಡುಕಲು ವರ್ಷಗಳೇ ಬೇಕಾದವು. ಈಗ ಮೊದಲೇ ಫೋನ್ ಮಾಡುತ್ತೇನೆ. "ವೈನಿ, ನನಗ ಸ್ವಲ್ಪ ಮೆತ್ತಗನ ಅನ್ನ, ಹೆಸರಬ್ಯಾಳಿ ಮಾಡಿರ‍್ರಿ, ನಿಮ್ಮ ಕೈಯ್ಯಾಂದ ಉಣ್ಣಬೇಕು" ಅನ್ನುತ್ತೇನೆ. ಯಾರೂ ಇಲ್ಲ ಅಂದದ್ದಿಲ್ಲ.

ಹೋದ ತಿಂಗಳ ಕ್ಯಾಲ್‌ಪ್ರೊಟೆಕ್ಟಿನ್ 130. ಡಾಕ್ಟರು ಊಟದಲ್ಲಿ ಒಂದೊಂದೇ ಪದಾರ್ಥ ವಾಪಸ್ ತಂದು ನೋಡಲು ಹೇಳಿದ್ದಾರೆ. ವಾರಕ್ಕೆ ಒಂದೇ, ಸಣ್ಣ ಪ್ರಮಾಣದಲ್ಲಿ. ತೊಗರಿಬೇಳೆ ಬಂದಾಯಿತು. ನಿನ್ನೆ ಎಳೆ ಬದನೆಕಾಯಿ. ಅತ್ತಿ ಸಿಪ್ಪೆ ಹೆರೆದು, ಶೇಂಗಾ ಪುಡಿ ಹಾಕಿ, ಬ್ಯಾಡಗಿ ಖಾರ ಚೂರೇ ಚೂರು ಸೇರಿಸಿ ಎಣ್ಣೆಗಾಯಿ ಮಾಡಿದ್ದರು. ಒಂದೂವರೆ ಬಿಸಿ ರೊಟ್ಟಿಯ ಜೊತೆ ಎರಡು ತಿಂದೆ. ರಾತ್ರಿ ನೋಟ್‌ಬುಕ್ಕಿನಲ್ಲಿ ಬರೆಯುವಾಗ ಅತ್ತಿ ಹಿಂದೆ ಬಂದು ನಿಂತರು. ಅವರಿಗೆ ಓದಲು ಬರುವುದಿಲ್ಲ. ಮೂರನೇ ಸಾಲಿನಲ್ಲಿ ಸೊನ್ನೆ ಹಾಕಿದ್ದನ್ನು ಬೆರಳಿಟ್ಟು ತೋರಿಸಿದೆ. "ಗುಳಗಿ ತಗೊಂಡೀಯಿಲ್ಲ?" ಅಂದರು. ನಾಲ್ಕನೇ ಸಾಲನ್ನೂ ತೋರಿಸಿದೆ.